ಮೂರನೆಯ ದೀಪದ ವಿಷಯವಾಗಿ

ಮಾನ್ಯ ಓದುಗರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಇದಕ್ಕೆ ಮೊದಲು ನಾನು ಕಚೇರಿಯ ಪತ್ರಗಳನ್ನಲ್ಲದೆ ಬೇರೇನನ್ನೂ ಬರೆದವನಲ್ಲ. ಕೇಂದ್ರ ಸರ್ಕಾರದ ಒಂದು ಕಚೇರಿಯ ಟಪಾಲು ವಿಭಾಗದಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದವನು. ಆದುದರಿಂದ ಭಾಷೆ ಒರಟೆನಿಸಿದರೆ, ಅಥವಾ ಹೇಳಬೇಕಾದುದಕ್ಕಿಂತ ಪೀಠಿಕೆಯೇ ಉದ್ದವಾದರೆ, ಮನ್ನಿಸಬೇಕಾಗಿ ಪ್ರಾರ್ಥನೆ. ಕಳೆದ ವಾರ ಅಟ್ಟದ ಮೇಲಿನ ಟ್ರಂಕನ್ನು ಖಾಲಿ ಮಾಡುವಾಗ ಒಂದು ಹಳೆಯ ಕಡತ ಕೈಗೆ ಸಿಕ್ಕಿತು. ಲಾಡಿ ಬಿಚ್ಚಿದೊಡನೆ ಅದರಿಂದೆದ್ದ ವಾಸನೆಗೆ ನಾನು ಅಲ್ಲಿಯೇ ಕುಳಿತುಬಿಟ್ಟೆ. ತೇವ ಹಿಡಿದು ಒಣಗಿ ಮತ್ತೆ ತೇವ ಹಿಡಿದ ಕಾಗದದ ವಾಸನೆ, ಅದರೊಳಗೆ ಕೆಳಮನೆಯ ಸಾಸಿವೆ ಎಣ್ಣೆಯ ಘಾಟು. ವಾರಾಣಸಿಯ ಸೋನಾರ್‌ಪುರದ ಒಂದು ಗಲ್ಲಿಯ ಮೂರನೆಯ ಮಹಡಿಯಲ್ಲಿ ನಾನು ಕಳೆದ ಒಂದು ಮಳೆಗಾಲ ಹಾಗೆಯೇ ಮಡಿಸಿಟ್ಟಂತೆ ಆ ಕಡತದೊಳಗೆ ಇತ್ತು. ಮನೆಗೆ ತಂತಿಯಿಲ್ಲದ ಇಂಟರ್ನೆಟ್ ಕೊಡುತ್ತಿದ್ದ ಒಂದು ಕಂಪನಿಗೆ ನಾನು ಬರೆದ ಹನ್ನೊಂದು ಪತ್ರಗಳ ನಕಲುಗಳು ಅದರಲ್ಲಿವೆ. ಒಂದಕ್ಕೂ ಉತ್ತರ ಬಂದಿಲ್ಲ. ಏಕೆ ಬರಲಿಲ್ಲವೆಂಬುದನ್ನು ಈವರೆಗೆ ಯಾರಿಗೂ ಹೇಳಿಲ್ಲವಾದ್ದರಿಂದ ಈ ಮೂಲಕ ನಿವೇದಿಸಿಕೊಳ್ಳುತ್ತಿದ್ದೇನೆ.

ನನ್ನ ಅಕ್ಕ ಸರೋಜ ದಾವಣಗೆರೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದಳು. ತಾಯಿ ತೀರಿಕೊಂಡಾಗ ನನಗೆ ಆರು ವರ್ಷ, ಅವಳಿಗೆ ಹದಿನೆಂಟು. ಅವಳು ಮದುವೆಯಾಗಲಿಲ್ಲ; ಮುಂದೆ ನಾನೂ ಆಗಲಿಲ್ಲ. ನನಗೆ ಪತ್ರ ಬರೆಯಲು ಕಲಿಸಿದವಳು ಅವಳೇ. ಶಾಲೆಯ ರಜಾ ಚೀಟಿಯಲ್ಲಿ 'ಇಂದ' ಎಲ್ಲಿರಬೇಕು, 'ಇವರಿಗೆ' ಎಲ್ಲಿರಬೇಕು ಎಂದು ಸ್ಲೇಟಿನ ಮೇಲೆ ಗೆರೆ ಎಳೆದು ತೋರಿಸಿ, "ಕಾರಣಾನ ಒಂದೇ ವಾಕ್ಯದಾಗೆ ಹೇಳು ಚಂದ್ರು. ಕಾಗದದಾಗೆ ಅಳಬಾರದು," ಎಂದಿದ್ದಳು. ಅವಳು ನಿವೃತ್ತಳಾದ ವರ್ಷವೇ ಗಂಟಲಿಗೆ ಕಾಯಿಲೆ ಬಂದು, ಶಸ್ತ್ರಚಿಕಿತ್ಸೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ತರಗತಿಯ ಗದ್ದಲವನ್ನೆಲ್ಲ ಒಂದು ಕರೆಯಿಂದ ಅಡಗಿಸುತ್ತಿದ್ದ ಧ್ವನಿ ಹೋಯಿತು. ಅದಾದ ನಾಲ್ಕನೆಯ ತಿಂಗಳಲ್ಲಿ ನನಗೆ ವಾರಾಣಸಿಗೆ ವರ್ಗವಾಯಿತು. ರದ್ದತಿಗೆ ಸಲ್ಲಿಸಿದ ಮನವಿಯು 'ಪರಿಗಣಿಸಲು ಬರುವುದಿಲ್ಲ' ಎಂಬ ಷರಾದೊಂದಿಗೆ ಹಿಂದಿರುಗಿತು.

ದೂರವಾಣಿಯಲ್ಲಿ ನಾನು ಮಾತನಾಡುತ್ತಿದ್ದೆ, ಅವಳು ರಿಸೀವರನ್ನು ಬೆರಳಿನಿಂದ ತಟ್ಟುತ್ತಿದ್ದಳು. ಒಂದು ತಟ್ಟು ಎಂದರೆ ಹೌದು, ಎರಡು ಎಂದರೆ ಅಲ್ಲ. ಅಷ್ಟರಲ್ಲೇ ಒಂದು ಬೇಸಿಗೆ ಕಳೆಯಿತು. ಅವಳ ಮನೆಯ ಕೆಳಗೆ ಟೈಪಿಂಗ್ ಕೇಂದ್ರ ನಡೆಸುತ್ತಿದ್ದ ಶಶಿಕಲಾ ಅವಳ ಹಳೆಯ ವಿದ್ಯಾರ್ಥಿನಿ. ಆಕೆಯೇ ಒಂದು ಕಂಪ್ಯೂಟರನ್ನೂ ಕ್ಯಾಮೆರಾವನ್ನೂ ಮೇಲೆ ತಂದಿಟ್ಟು, "ಸಾರ್, ನೀವೂ ಒಂದು ಲೈನ್ ಹಾಕಿಸ್ಕೊಳ್ಳಿ. ಟೀಚರ್ ಮುಖಾನೂ ಕಾಣ್ತದೆ, ಅವ್ರು ಬರ್ದಿದ್ದೂ ಕಾಣ್ತದೆ. ದಿನಾ ಆರು ಗಂಟೆಗೆ ನಾನು ಹಚ್ಚಿಕೊಟ್ಟು ಕೆಳಗೆ ಬಂದುಬಿಡ್ತೀನಿ," ಎಂದು ತಿಳಿಸಿದಳು.

ಮನೆಯ ಮಾಲೀಕರಾದ ಪಾಂಡೇಜಿಯವರು ತಂತಿ ಎಂಬ ಮಾತಿಗೇ ನಕ್ಕುಬಿಟ್ಟರು. "ರಾವ್ ಸಾಹಬ್, ಈ ಗಲ್ಲಿಯಲ್ಲಿ ತಾರ್ ಎಳೆಸೋದು ಅಂದ್ರೆ ಕೋತಿಗಳಿಗೆ ಜೋಕಾಲಿ ಕಟ್ಟಿಕೊಟ್ಟ ಹಾಗೆ. ಹೋದ ವರ್ಷ ಟೆಲಿಫೋನಿನದು ತಿಂದವು, ಈ ವರ್ಷ ಟೀವಿಯದು. ಇಂಟರ್ನೆಟ್ ರುಚಿ ಒಂದು ಬಾಕಿ ಇದೆ," ಎಂದು ಹಿಂದಿಯಲ್ಲಿ ಹೇಳಿ, ತಮ್ಮ ಮಾತಿಗೆ ತಾವೇ ತಲೆದೂಗಿದರು. ಕಂಪ್ಯೂಟರು, ಕ್ಯಾಮೆರಾ ಕೊಂಡು, ಆ ಕಾರಣದಿಂದ ತಂತಿಯಿಲ್ಲದ ಸಂಪರ್ಕಕ್ಕೆ ಅರ್ಜಿ ಹಾಕಿದೆ. ಕಂಪನಿಯವರು ಒಂದು ಬಿಳಿಯ ಡಬ್ಬಿಯನ್ನು ತಂದು, ಅಡುಗೆಮನೆಯ ಕಿಟಕಿಯ ಹೊರಗೆ ಅಂಗೈಯಗಲದ ಆಂಟೆನಾ ಒಂದನ್ನು ಸರಳಿಗೆ ಬಿಗಿದು, ಎರಡಕ್ಕೂ ಗೇಣುದ್ದದ ತಂತಿ ಜೋಡಿಸಿ ಹೋದರು. ಡಬ್ಬಿಯಲ್ಲಿ ಮೂರು ದೀಪಗಳಿದ್ದವು. ಮೊದಲನೆಯದು ವಿದ್ಯುತ್ತಿನದು, ಎರಡನೆಯದು ಕಂಪ್ಯೂಟರಿನದು. ಮೂರನೆಯದು ಹಸಿರಾದರೆ ಮಾತ್ರ ಹೊರಗಿನ ಗೋಪುರದೊಡನೆ ಸಂಪರ್ಕ ಕೂಡಿದೆಯೆಂದು ಅರ್ಥ.

ಮೊದಲ ಸಂಜೆ ಅದು ಹಸಿರಾದಾಗ ನಾನು ಶರ್ಟು ಹಾಕಿಕೊಂಡು, ತಲೆ ಬಾಚಿಕೊಂಡು, ಅಕ್ಕಿಯ ಡಬ್ಬದ ಮೇಲೆ ಕುಳಿತಿದ್ದೆ. ಅಕ್ಕನ ಮುಖ ಚೌಕ ಚೌಕವಾಗಿ ಬಂದು, ಸ್ವಲ್ಪ ಹೊತ್ತಿನ ಮೇಲೆ ಒಂದಾಯಿತು. ಸೆರಗನ್ನು ಕುತ್ತಿಗೆಗೆ ಸುತ್ತಿಕೊಂಡಿದ್ದಳು. ನನ್ನನ್ನು ನೋಡಿ ಬೆರಳು ಮೂಗಿನ ಮೇಲಿಟ್ಟು, ನಂತರ ನಿಧಾನವಾಗಿ ಅಕ್ಷರ ಹುಡುಕಿ ಹುಡುಕಿ ಒತ್ತಿದಳು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ. 'ಬಂದೆಯಾ?' ಎಂದಿತ್ತು. ಬಾಯಲ್ಲೇ ಹೇಳಬಹುದಿದ್ದರೂ ನಾನೂ ಅವಳಂತೆಯೇ 'ಬಂದೆ ಅಕ್ಕ, ಹೇಳು' ಎಂದು ಬರೆದೆ. ಮರುಕ್ಷಣವೇ ತಿದ್ದುಪಡಿ ಬಂತು: 'ಹೇಲು ಅಂತ ಬರೆದಿದ್ದೀಯ. ಳ ಬೇಕಾದರೆ ದೊಡ್ಡ ಅಕ್ಷರ ಹಾಕು. ಪರದೇಶಕ್ಕೆ ಹೋದರೂ ಕಾಗುಣಿತ ಕೆಡಿಸಬಾರದು.' ಆ ದಿನ ನಾನು ನಕ್ಕದ್ದನ್ನು ಕೇಳಿ ಪಾಂಡೇಜಿ ಕೆಳಗಿನಿಂದ ಕೂಗಿ ವಿಚಾರಿಸಿದರು.

ಆಷಾಢ ಮುಗಿಯುವವರೆಗೂ ಇದು ತಕ್ಕಮಟ್ಟಿಗೆ ನಡೆಯಿತು. ಶ್ರಾವಣದ ಮಳೆ ಹಿಡಿದ ಮೇಲೆ ಮೂರನೆಯ ದೀಪ ಮೊದಲು ಮಿಟುಕಿತು, ಬಳಿಕ ಕೆಂಪಾಯಿತು. ಒಂದು ದಿನ ಬರುವುದು, ಎರಡು ದಿನ ಹೋಗುವುದು. ಕಂಪನಿಯ ಸಹಾಯವಾಣಿಗೆ ಕರೆ ಮಾಡಿದೆ. ಇಲ್ಲಿ ಒಂದು ಮಾತನ್ನು ಸಂಕೋಚದಿಂದ ಹೇಳಬೇಕಾಗಿದೆ. ಇಲಾಖೆಯ ಹಿಂದಿ ಪರೀಕ್ಷೆಗಳನ್ನೆಲ್ಲ ನಾನು ಉತ್ತಮ ಅಂಕಗಳಿಂದ ಪಾಸು ಮಾಡಿದ್ದೆ; ಆ ಬಗ್ಗೆ ನನಗೆ ಹೆಮ್ಮೆಯೂ ಇತ್ತು. ದೂರನ್ನು ಸವಿಸ್ತಾರವಾಗಿ, ಶುದ್ಧ ಹಿಂದಿಯಲ್ಲಿ ನಿವೇದಿಸಿದೆ. ಆ ಕಡೆಯ ಹುಡುಗಿ ತಾಳ್ಮೆಯಿಂದ ಕೇಳಿ, "ಸರ್, ಕಲ್ ಚಾರ್ ಸೇ ಛೇ ಕೇ ಬೀಚ್ ಎಂಜಿನಿಯರ್ ಆಯೇಗಾ. ಆಪ್ ಘರ್ ಪರ್ ರಹಿಯೇಗಾ," ಎಂದಳು. ನಾಳೆ ನಾಲ್ಕರಿಂದ ಆರರೊಳಗೆ ಬರುತ್ತಾರೆ, ಮನೆಯಲ್ಲೇ ಇರಿ ಎಂದು.

"ಹೋ ಗಯಾ, ಹೋ ಗಯಾ," ಎಂದೆ.

"ಹೋ ಗಯಾ, ಸರ್? ಪಕ್ಕಾ?"

"ಪಕ್ಕಾ. ಹೋ ಗಯಾ."

"ಬಹುತ್ ಅಚ್ಛಾ, ಸರ್!" ಎಂದು ಆಕೆ ಸಂತೋಷದಿಂದಲೇ ಫೋನಿಟ್ಟಳು.

ಮರುದಿನ ಅರ್ಧ ದಿನದ ರಜೆ ಹಾಕಿ ಮನೆಯಲ್ಲಿ ಕಾದೆ. ಯಾರೂ ಬರಲಿಲ್ಲ. ಬದಲಿಗೆ, ತಮ್ಮ ದೂರನ್ನು ಪರಿಹರಿಸಲಾಗಿದೆ, ಧನ್ಯವಾದಗಳು ಎಂಬ ಸಂದೇಶವೊಂದು ಮೊಬೈಲಿಗೆ ಬಂತು. ನಾನು ಅದೇ ದಿನ ಮೊದಲನೆಯ ಪತ್ರ ಬರೆದೆ. ಹೀಗೆ ಪ್ರತಿ ಕರೆಗೆ ಒಂದು ಭರವಸೆ, ಪ್ರತಿ ಭರವಸೆಗೆ ನನ್ನ ಒಪ್ಪಿಗೆ, ಅದರ ಹಿಂದೆಯೇ ಪರಿಹಾರವಾಯಿತೆಂಬ ಸಂದೇಶ, ನನ್ನದೊಂದು ಪತ್ರ. ಈ ಊರಿನವರೇ ಹೀಗೆ ಎಂದು ನಾನು ತೀರ್ಮಾನಿಸಿದ್ದೆ. ಹಾಲಿನವನು ನಾಳೆಯಿಂದ ಬೇಗ ಬರುತ್ತೇನೆಂದು ಹೇಳಿ, ಎರಡು ದಿನ ಹಾಲನ್ನೇ ತಂದಿರಲಿಲ್ಲ. ಭೇಲೂಪುರದ ದರ್ಜಿ ಪ್ಯಾಂಟಿನ ಉದ್ದ ಇಳಿಸುತ್ತೇನೆಂದವನು ಇಳಿಸದೆಯೇ ಮಡಿಸಿ ಕೊಟ್ಟಿದ್ದ. ದಾವಣಗೆರೆಗೆ ದೂರವಾಣಿ ಮಾಡಿ, "ಅಕ್ಕ, ಇಲ್ಲಿಯವರ ಮಾತಿಗೆ ಬೆಲೆಯಿಲ್ಲ," ಎಂದಿದ್ದೆ.

ಹೊರಗಿನ ಅಂಗಡಿಯಲ್ಲಿ ಏಕೆ ಪ್ರಯತ್ನಿಸಲಿಲ್ಲವೆಂದು ತಾವು ಕೇಳಬಹುದು. ಪ್ರಯತ್ನಿಸಿದೆ. ಲಂಕಾ ಮಾರುಕಟ್ಟೆಯ ಒಂದು ಸೈಬರ್ ಕೆಫೆಗೆ ಮೊಣಕಾಲುದ್ದದ ನೀರಿನಲ್ಲಿ ಹೋಗಿ ಕುಳಿತೆ. ಪರೀಕ್ಷೆಯ ಅರ್ಜಿ ತುಂಬಲು ಬಂದ ವಿದ್ಯಾರ್ಥಿಗಳು ಬೆನ್ನಿಗೆ ತಾಗುವಂತೆ ನಿಂತಿದ್ದರು. ಅಕ್ಕ ಬಂದಳು. ಫ್ಯಾನಿನ ಗಾಳಿಗೆ ಅವಳ ಸೆರಗು ಜಾರಿ, ಉಸಿರಾಟಕ್ಕೆಂದು ಕುತ್ತಿಗೆಯಲ್ಲಿ ಮಾಡಿದ್ದ ತೂತು ಕಂಡಿತು. ಹಿಂದಿನಿಂದ ಯಾರೋ "ಅರೇ ಬಾಪ್ ರೇ," ಎಂದರು. ಅವಳಿಗೆ ಅದು ಕೇಳಿಸಿತು. 'ಹಿಂದೆ ಯಾರು?' ಎಂದು ಬರೆದಳು. ಅನಂತರ ಕ್ಯಾಮೆರಾಕ್ಕೆ ಕೈ ಅಡ್ಡ ಬಂತು. ಪರದೆಯ ತುಂಬ ಅವಳ ಅಂಗೈ. ಅದರ ಕೆಳಗೆ ಒಂದು ಸಾಲು: 'ಮನೆಯಿಂದ ಬಾ. ಅಲ್ಲಿಂದ ಬೇಡ.' ಮತ್ತೆ ನಾನು ಅಂತಹ ಸ್ಥಳಕ್ಕೆ ಹೋಗುವುದಿಲ್ಲವೆಂದು ಮಾತು ಕೊಟ್ಟೆ. ಆ ಮಾತನ್ನು ಅಕ್ಷರಶಃ ಪಾಲಿಸಿದ್ದೇನೆ.

ಭಾದ್ರಪದದ ಆರಂಭದಲ್ಲಿ ಒಂದು ಸಂಜೆ ದೀಪ ಹಸಿರಾಯಿತು. ಅಕ್ಕ ಬಹಳ ಇಳಿದಿದ್ದಳು. ಕಾಗುಣಿತ ತಿದ್ದಲಿಲ್ಲ. 'ಚಂದ್ರು, ನಿನ್ನ ಹತ್ತಿರ ಒಂದು ವಿಷಯ ಕೇಳಬೇಕು' ಎಂದು ಬರೆದು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನನ್ನನ್ನೇ ನೋಡುತ್ತ ಕುಳಿತಳು. ಆಮೇಲೆ ಮತ್ತೆ ಒತ್ತಲು ಬಾಗಿದಳು. ಆ ಬಾಗಿದ ಭಂಗಿಯಲ್ಲೇ ಚಿತ್ರ ನಿಂತುಹೋಯಿತು. ಡಬ್ಬಿಯ ಕಡೆ ತಿರುಗಿ ನೋಡಿದರೆ ಮೂರನೆಯ ದೀಪ ಕೆಂಪು.

ಅದಾದ ಮೇಲೆ ಹದಿನೇಳು ದಿನ ಆ ದೀಪ ಹಸಿರಾಗಲಿಲ್ಲ. ನಾಲ್ಕನೆಯ ದಿನ ದೂರವಾಣಿಯಲ್ಲಿ ಕೇಳಿದೆ.

"ಅಕ್ಕ, ಅವತ್ತು ಏನು ಕೇಳಬೇಕಿತ್ತು? ಶಶಿಕಲಾ ಕೈಲಿ ಬರೆದು ಕೊಡ್ತೀಯಾ, ಅವಳು ಓದಿ ಹೇಳಲಿ?"

ಎರಡು ತಟ್ಟು.

"ಕಾಗದ ಹಾಕ್ತೀಯಾ?"

ಎರಡು ತಟ್ಟು, ಬೇಗ ಬೇಗ. ಅಂಚೆಯಲ್ಲಿ ಹೋಗಿ ಬರುವಷ್ಟು ಸಮಯ ಆ ವಿಷಯಕ್ಕಿಲ್ಲ ಎಂದು ಅದರರ್ಥವಿದ್ದಿರಬೇಕು. ನನಗೆ ಹೊಳೆಯಲಿಲ್ಲ.

"ಹಾಗಾದರೆ ಲೈನ್ ಬರೋತನಕ ಕಾಯ್ತೀಯಾ?"

ಅವಳು ಉಸಿರಾಡುವ ಸದ್ದು ಕುತ್ತಿಗೆಯಿಂದ ಬರುತ್ತಿತ್ತು. ಆಮೇಲೆ ಒಂದು ತಟ್ಟು.

ಕಚೇರಿಯಲ್ಲಿ ವಾರ್ಷಿಕ ತಪಾಸಣೆ ನಡೆದಿತ್ತು. ದಸರಾದವರೆಗೆ ದೀರ್ಘ ರಜೆ ಸಾಧ್ಯವಿಲ್ಲವೆಂದು ಮೇಲಧಿಕಾರಿಗಳು ಲಿಖಿತವಾಗಿಯೇ ತಿಳಿಸಿದ್ದರು. ನಾನು ಮಾಡಬಹುದಾಗಿದ್ದುದು ಒಂದೇ. ದಿನವೂ ಮೂರೂವರೆಗೆ ಅನುಮತಿ ಪಡೆದು ಹೊರಟು, ನಾಲ್ಕಕ್ಕೆ ಮನೆ ಸೇರಿ, ಎಂಜಿನಿಯರಿಗಾಗಿ ಕಾಯುವುದು. ಆರು ಹೊಡೆಯುವುದು. ದಾವಣಗೆರೆಯಲ್ಲಿ ಶಶಿಕಲಾ ಕಂಪ್ಯೂಟರ್ ಹಚ್ಚಿ ಕೆಳಗಿಳಿಯುವ ಹೊತ್ತು. ಎದುರು ಮನೆಯ ತಾರಸಿಯಲ್ಲಿ ಕೋತಿಗಳು ನೆನೆದು ಒಂದಕ್ಕೊಂದು ಒತ್ತಿಕೊಂಡು ಕುಳಿತಿರುತ್ತಿದ್ದವು. ನಾನು ಅಕ್ಕಿಯ ಡಬ್ಬದ ಮೇಲೆ ಕುಳಿತು ಆ ಕೆಂಪು ದೀಪವನ್ನು ನೋಡುತ್ತಿದ್ದೆ. ಅಕ್ಕ ಆ ಕಡೆ ಏನಾದರೂ ಬರೆಯುತ್ತಿದ್ದರೆ ಅದೆಲ್ಲ ಗಾಳಿಗೆ ಹೋಗುತ್ತಿದೆಯಲ್ಲ ಎಂದುಕೊಳ್ಳುತ್ತಿದ್ದೆ. ಸಂಪರ್ಕವಿಲ್ಲದಾಗ ಬರೆದದ್ದು ಉಳಿಯುವುದಿಲ್ಲವೆಂದೇ ನನ್ನ ತಿಳಿವಳಿಕೆಯಾಗಿತ್ತು.

ಹದಿನೆಂಟನೆಯ ಬೆಳಿಗ್ಗೆ ಶಶಿಕಲಾ ಕರೆ ಮಾಡಿದಳು. "ಸಾರ್, ಟೀಚರ್‌ನ ಆಸ್ಪತ್ರೆಗೆ ಸೇರಿಸೀವಿ. ಹೊರಟುಬಿಡ್ರಿ." ಮೇಲಧಿಕಾರಿಗಳಿಗೆ ಒಂದು ವಾಕ್ಯದ ಅರ್ಜಿ ಬರೆದಿಟ್ಟು ಹೊರಟೆ. ಎರಡು ಹಗಲು ಒಂದೂವರೆ ರಾತ್ರಿಯ ಪ್ರಯಾಣದ ನಂತರ ಮುಟ್ಟಿದಾಗ ಅಕ್ಕನಿಗೆ ಪ್ರಜ್ಞೆ ಇರಲಿಲ್ಲ. ಅವಳ ಬೆರಳನ್ನು ನನ್ನ ಅಂಗೈಯಲ್ಲಿಟ್ಟುಕೊಂಡು ಕುಳಿತೆ. ಅದು ತಟ್ಟಲಿಲ್ಲ. ಮರುದಿನ ಮಧ್ಯಾಹ್ನ ಹೋದಳು.

"ಎರಡನೇ ಆಪರೇಷನ್ ಅಂದಿದ್ರು ಸಾರ್," ಎಂದು ಶಶಿಕಲಾ ಆಮೇಲೆ ಹೇಳಿದಳು. "ಸಹಿ ಹಾಕ್ರಿ ಟೀಚರ್ ಅಂದ್ರೆ ದಿನಾ 'ನಾಳೆ' ಅಂತ ಬರ್ದು ತೋರ್ಸೋರು. ಸಾರ್‌ಗೆ ಹೇಳ್ಲಾ ಅಂದ್ರೆ, 'ಬೇಡ, ನಾನೇ ಹೇಳ್ತೀನಿ' ಅಂತ. ಆಮೇಲೆ ಡಾಕ್ಟರೇ ಇನ್ನು ಪ್ರಯೋಜನ ಇಲ್ಲ ಅಂದ್ರು." ಕೋಣೆಯ ಮೂಲೆಯಲ್ಲಿ ಕಂಪ್ಯೂಟರಿನ ಮೇಲೆ ಅವಳದೊಂದು ಟವೆಲ್ ಹೊದಿಸಿತ್ತು. ಅದನ್ನು ಸರಿಸುವ ಧೈರ್ಯ ನನಗಾಗಲಿಲ್ಲ.

ಅಸ್ಥಿಯನ್ನು ತೆಗೆದುಕೊಂಡು ವಾರಾಣಸಿಗೆ ಹಿಂದಿರುಗಿದೆ. ದೇಶದವರೆಲ್ಲ ತಮ್ಮವರ ಅಸ್ಥಿಯನ್ನು ತರುವ ಊರಿಗೆ ನಾನು ಉದ್ಯೋಗದ ನಿಮಿತ್ತ ತರುವಂತಾಯಿತು. ದಕ್ಷಿಣದ ಯಾತ್ರಿಕರಿಗೆ ಕರ್ಮ ಮಾಡಿಸುವ ನರಹರಿ ಆಚಾರ್ಯರು ಅಜ್ಜನ ಕಾಲದಿಂದ ಅಲ್ಲಿಯೇ ನೆಲೆಸಿದವರು. ಅವರೇ ವಿಧಿಯನ್ನು ನಡೆಸಿಕೊಟ್ಟರು. ಪ್ರವಾಹ ಇಳಿದು, ಘಾಟಿನ ಮೆಟ್ಟಿಲುಗಳ ಮೇಲೆ ಎದೆಯೆತ್ತರದ ಕೆಸರು ನಿಂತಿತ್ತು. ಕೆಲಸದವರು ಪೈಪಿನಿಂದ ನೀರು ಹಾಯಿಸಿ ಅದನ್ನು ಮತ್ತೆ ನದಿಗೇ ತಳ್ಳುತ್ತಿದ್ದರು. ಮಂತ್ರದ ನಡುವೆ ಪಂಪಿನ ಸದ್ದು. ಎಲ್ಲ ಮುಗಿದ ಮೇಲೆ, ಡಬ್ಬಿಯನ್ನು ಹಿಂದಿರುಗಿಸಲು ಭೇಲೂಪುರದ ಕಂಪನಿ ಕಚೇರಿಗೆ ಹೋಗುವುದಿದೆ ಎಂದೆ. "ನಡೀರಿ ರಾಯರೇ, ನಂದೂ ರಸ್ತಾ ಅದೇ," ಎಂದು ಅವರು ಜೊತೆಗೆ ಬಂದರು.

ಕೌಂಟರಿನಲ್ಲಿದ್ದ ಮಹಿಳೆ ನನ್ನ ಹೆಸರು ಕೇಳಿದೊಡನೆ ಎದ್ದು ನಿಂತರು. "ಪತ್ರ ಬರೆಯುವವರು ನೀವೇನಾ? ನಿಮ್ಮ ಹಿಂದಿ ಎಷ್ಟು ಸೊಗಸು! ಒಂದೊಂದನ್ನೂ ಓದಿ ಇಟ್ಟಿದ್ದೇವೆ. ಆದರೆ ಪ್ರತಿ ಸಲ ತೆರೆದು ನೋಡಿದರೆ ದೂರು ಮುಗಿದಿರುತ್ತಿತ್ತು. ಮುಗಿದ ಮೇಲೂ ಯಾಕೆ ಬರೆಯುತ್ತಾರೆ ಅಂತ ನಮಗೇ ಗೊಂದಲ," ಎಂದು ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಹನ್ನೊಂದು ದೂರುಗಳು. ಪ್ರತಿಯೊಂದರ ಕೆಳಗೂ ಹಿಂದಿಯಲ್ಲಿ ಒಂದೇ ಷರಾ: ಗ್ರಾಹಕರು ಸ್ವತಃ 'ಹೋ ಗಯಾ' ಎಂದಿದ್ದಾರೆ. ದೂರು ಮುಕ್ತಾಯ.

"ದೂರು ಮುಗಿಯಿತೆಂದು ನಾನು ಹೇಳಲೇ ಇಲ್ಲ," ಎಂದೆ. "ಬರುತ್ತೇವೆ ಎಂದರು, ನಾನು 'ಹೋ ಗಯಾ' ಎಂದೆ, ಅಷ್ಟೇ."

ಆಚಾರ್ಯರು ಮೊದಲು ನಕ್ಕರು. "ಅಯ್ಯೋ ರಾಯರೇ! 'ಆಯ್ತು' ಅನ್ನೋದನ್ನ ಹಾಗೇ ಹಿಂದಿಗೆ ಎತ್ತಿ ಇಟ್ರೇನು? ನಮ್ಮಲ್ಲಿ ಆಯ್ತು ಅಂದ್ರೆ ಸರಿ, ಒಪ್ಪಿದೆ ಅಂತ. ಇವರಿಗೆ 'ಹೋ ಗಯಾ' ಅಂದ್ರೆ ಮುಗೀತು, ರಿಪೇರಿ ಆಗಿಹೋಯ್ತು ಅಂತ. 'ಠೀಕ್ ಹೈ' ಅನ್ಬೇಕಾಗಿತ್ತು. ಊರಿಂದ ಹೊಸದಾಗಿ ಬಂದವರೆಲ್ಲ ಮಾಡೋ ತಪ್ಪೇ ಇದು, ನನ್ನ ಸೊಸೆನೂ..." ಎನ್ನುತ್ತ ನನ್ನ ಮುಖ ನೋಡಿದರು. ನಗು ನಿಂತಿತು. ಬೆಳಿಗ್ಗೆ ತಾವು ಯಾರ ಅಸ್ಥಿಯನ್ನು ಬಿಡಿಸಿದ್ದು ಎಂಬುದು ಅವರಿಗೆ ನೆನಪಾಗಿರಬೇಕು.

ಪರೀಕ್ಷೆಗಳಲ್ಲಿ ಆ ಪದಕ್ಕೆ ಸರಿಯಾದ ಅರ್ಥವನ್ನೇ ಬರೆದು ಅಂಕ ಪಡೆದಿದ್ದೆ. ಬಾಯಿ ಮಾತ್ರ ದಾವಣಗೆರೆಯಲ್ಲೇ ಇತ್ತು. ಹಾಲಿನವನಿಗೂ ದರ್ಜಿಗೂ ನಾನೇ 'ಮುಗಿಯಿತು' ಎಂದಿದ್ದೆ. ಅವರು ನನ್ನ ಮಾತನ್ನು ನಡೆಸಿದ್ದರು. ಆ ಊರಿನವರಲ್ಲಿ ಯಾರೂ ಮಾತಿಗೆ ತಪ್ಪಿರಲಿಲ್ಲ.

ಡಬ್ಬಿ ಸುಸ್ಥಿತಿಯಲ್ಲಿದೆಯೆಂದು ಖಾತರಿಯಾಗದೆ ಹಿಂದಕ್ಕೆ ಪಡೆಯುವಂತಿಲ್ಲ ಎಂಬ ನಿಯಮವಿದ್ದುದರಿಂದ ಅಂದು ಮಧ್ಯಾಹ್ನವೇ ದುಬೇ ಎಂಬ ನಡುವಯಸ್ಸಿನ ತಂತ್ರಜ್ಞರು ಮನೆಗೆ ಬಂದರು. ಆಚಾರ್ಯರೂ ಬಂದಿದ್ದರು, ನನ್ನನ್ನು ಒಬ್ಬನೇ ಬಿಡಲು ಅವರಿಗೆ ಮನಸ್ಸಿದ್ದಂತಿರಲಿಲ್ಲ. ದುಬೇ ಕಿಟಕಿಯ ಹೊರಗೆ ಕೈ ಚಾಚಿ, ಆಂಟೆನಾದ ಬುಡದಲ್ಲಿ ತಂತಿ ಸೇರುವ ತಿರುಪನ್ನು ಬಿಚ್ಚಿ, ಒಳಗೆ ನಿಂತಿದ್ದ ಮಳೆನೀರನ್ನು ಕೊಡವಿ, ಬಟ್ಟೆಯಿಂದ ಒರೆಸಿ, ಬಿಗಿದರು. "ಇಷ್ಟೇ, ಗುರು. ಹತ್ತು ನಿಮಿಷದ ಕೆಲಸ. ಹೇಳೋದಲ್ವಾ?" ಎಂದು ಹಿಂದಿಯಲ್ಲಿ ಬೈದರು. ಮೂರನೆಯ ದೀಪ ಹಸಿರಾಯಿತು. ಅವರೇ ಕಂಪ್ಯೂಟರನ್ನೂ ಹಚ್ಚಿ ನೋಡಿದರು.

ಗಾಳಿಗೆ ಹೋಗಿರಲಿಲ್ಲ. ಎಲ್ಲವೂ ಎಲ್ಲೋ ಕಾದಿತ್ತು. ಒಂದರ ಕೆಳಗೊಂದು ಬಂದು ನಿಂತಿತು. ಮೊದಲನೆಯದು ಚಿತ್ರ ನಿಂತುಹೋದ ಸಂಜೆಯದು: 'ಚಂದ್ರು, ಲೈನ್ ಹೋಯಿತೇ? ಡಾಕ್ಟರು ಇನ್ನೊಂದು ಆಪರೇಷನ್ ಹೇಳಿದ್ದಾರೆ. ನನಗೆ ಸಾಕೆನಿಸಿದೆ. ಆದರೆ ನಿನ್ನನ್ನು ಕೇಳದೆ ಬೇಡ ಅನ್ನುವುದಿಲ್ಲ. ನೀನು ಬೇಕು ಅಂದರೆ ಮಾಡಿಸಿಕೊಳ್ಳುತ್ತೇನೆ. ಒಂದು ಮಾತು ಹೇಳು.' ಮರುದಿನ ಆರು ಗಂಟೆಗೆ: 'ಬಂದೆಯಾ?' ಅದರ ಮರುದಿನ: 'ಬಂದೆಯಾ?' ದಿನಕ್ಕೊಂದು, ಆರು ಗಂಟೆಗೆ. ದೂರವಾಣಿ ಮಾಡಿದ ದಿನದ್ದು ಸ್ವಲ್ಪ ಉದ್ದ: 'ಕಾಯ್ತೀಯಾ ಅಂದೆ. ಕಾಯ್ತೀನಿ. ಬಂದೆಯಾ?' ಒಂದು ಕಡೆಯೂ ಕಾಗುಣಿತ ತಪ್ಪಿರಲಿಲ್ಲ. ಆಸ್ಪತ್ರೆಗೆ ಸೇರುವ ಹಿಂದಿನ ಸಂಜೆಯದು ಕೊನೆಯದು. ಅದರಲ್ಲಿ ಪ್ರಶ್ನೆಯಿರಲಿಲ್ಲ. ಒಂದೇ ಪದ.

'ಆಯ್ತು.'

ಸರಿ, ಒಪ್ಪಿದೆ ಎಂದಳೋ, ಮುಗಿಯಿತು ಎಂದಳೋ ನನಗೆ ತಿಳಿಯದು. ಅವಳನ್ನು ಬಿಟ್ಟರೆ ಕೇಳಲು ಬೇರೆ ಯಾರೂ ಇಲ್ಲ.

ಅಷ್ಟರಲ್ಲಿ ಮೊಬೈಲ್ ಹೊಡೆದುಕೊಂಡಿತು. ಕಂಪನಿಯ ಸಹಾಯವಾಣಿ, ಅದೇ ಹುಡುಗಿಯೋ, ಬೇರೊಬ್ಬಳೋ. ಎಂಜಿನಿಯರ್ ಬಂದಿದ್ದರೇ, ಕೆಲಸ ಹೋ ಗಯಾ, ಸರ್? ಎಂದು ಕೇಳಿದಳು. ಆಚಾರ್ಯರು ಬಾಗಿಲಲ್ಲಿ ನಿಂತು ಆತಂಕದಿಂದ ನನ್ನ ಬಾಯನ್ನೇ ನೋಡುತ್ತಿದ್ದರು.

"ಹೋ ಗಯಾ," ಎಂದೆ.

ಆ ಪದವನ್ನು ನಾನು ಆ ಊರಿನವರ ಅರ್ಥದಲ್ಲಿ ಬಳಸಿದ್ದು ಅದೊಂದೇ ಸಲ.